ಅಧ್ಯಕ್ಷರು ಕುಳಿತಿರುವ ಕುರ್ಚಿಯ ಬಗ್ಗೆ ಎರಡು ಮಾತು

ನೀರಿನ ಮೀಟರ್ ಓದುವವರ ಸಂಘದ ಮಾನ್ಯ ಅಧ್ಯಕ್ಷರೇ, ಬೆಳಗಿನಿಂದ ಒಂದು ಕಡೆ ಕೂರದೆ ಓಡಾಡುತ್ತಿರುವ ಕಾರ್ಯದರ್ಶಿಗಳೇ, ಇಂದು ನಿವೃತ್ತಿಯ ಸನ್ಮಾನ ಸ್ವೀಕರಿಸಲಿರುವ, ಕಾಲಿಗೆ ಚಕ್ರ ಕಟ್ಟಿಕೊಂಡವರೆಂದು ಎಲ್ಲರೂ ಚಕ್ರಣ್ಣ ಎಂದೇ ಕರೆಯುವ ಹಿರಿಯರೇ, ಮುಂದಿನ ಸಾಲಿನಲ್ಲಿರುವ ಅವರ ಶ್ರೀಮತಿಯವರೇ, ಬಿಸಿಲೆನ್ನದೆ ಮಳೆಯೆನ್ನದೆ ಮನೆಮನೆ ತಿರುಗುವ ಮಹನೀಯರೇ, ಅವರು ಮನೆಗೆ ಬರುವುದನ್ನೇ ಕಾದು ಕೂರುವ ಮನೆಯವರೇ, ಮತ್ತು ಬೇಕೆಂದಾಗ ಜಾರಿಕೊಳ್ಳಲು ಬಾಗಿಲ ಪಕ್ಕದಲ್ಲೇ ಜಾಗ ಹಿಡಿದಿರುವ ಜಾಣ ಸಭಿಕರೇ, ಎಲ್ಲರಿಗೂ ನನ್ನ ವಂದನೆಗಳು.

ಬಾಗಿಲ ಪಕ್ಕದವರಿಗೆ ಒಂದು ಕೋರಿಕೆ. ಆ ಬಾಗಿಲನ್ನು ಪೂರ್ತಿ ತೆರೆದಿಡಿ. ಇನ್ನೂ ಸ್ವಲ್ಪ. ಹಾಂ, ಅಷ್ಟು ಸಾಕು. ನಾನು ಮಾತಿನ ನಡುವೆ ಆಗಾಗ ಆ ಕಡೆ ನೋಡಿದರೆ, ನೀವು ಎದ್ದು ಹೋಗುತ್ತೀರೆಂಬ ಭಯದಿಂದ ಅಂದುಕೊಳ್ಳಬೇಡಿ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಎದುರಿಗಿದ್ದವರು ಎದ್ದು ಹೋಗುವುದನ್ನೂ ನೋಡಿದ್ದೇನೆ, ಕೂತಲ್ಲೇ ನಿದ್ದೆ ಹೋಗುವುದನ್ನೂ ನೋಡಿದ್ದೇನೆ. ಎರಡಕ್ಕೂ ನನ್ನ ಚರ್ಮ ದಪ್ಪವಾಗಿದೆ.

ಕಾರ್ಯದರ್ಶಿಗಳು ಹೋದ ವಾರ ಫೋನ್ ಮಾಡಿದ್ದರು. "ಮೇಡಂ, ವ್ಯಾಯಾಮ ಮಾಡಿದ್ರೆ ಮೈಯೊಳಗಿನ ರಸಾಯನ ಹೇಗೆ ಬದಲಾಗುತ್ತೆ, ಖಿನ್ನತೆಗೆ ಅದರಿಂದ ಏನು ಉಪಯೋಗ, ಇಷ್ಟನ್ನ ಹತ್ತು ನಿಮಿಷದಲ್ಲಿ ಹೇಳಿಬಿಡಿ. ಆಮೇಲೆ ಊಟ" ಎಂದರು. ಊಟಕ್ಕೆ ಮುಂಚೆ ವ್ಯಾಯಾಮದ ಮಾತು ಯಾಕೆ ಎಂದೆ. "ಊಟ ಆದ್ಮೇಲೆ ಯಾರಿರ್ತಾರೆ ಮೇಡಂ?" ಎಂದರು. ಅವರ ಲೆಕ್ಕ ಸರಿ. ಆದರೆ ಈಗಲೇ ಹೇಳಿಬಿಡುತ್ತೇನೆ, ಹತ್ತು ನಿಮಿಷದಲ್ಲಿ ನನ್ನ ಮಾತು ಮುಗಿಯುವುದಿಲ್ಲ. ಯಾವಾಗ ಮುಗಿಯುತ್ತದೆ ಎನ್ನುವುದು ನನ್ನ ಕೈಯಲ್ಲಿಲ್ಲ, ಇನ್ನೊಬ್ಬರ ಕಾಲಿನಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಎಲ್ಲರೂ ಎದ್ದು ನಿಲ್ಲಿ. ನಾಚಿಕೆ ಬೇಡ. ಅಜ್ಜಿ, ನಿಮಗೆ ಬೇಡ, ನೀವು ಕೂತೇ ಕೈ ಆಡಿಸಿ. ಉಳಿದವರೆಲ್ಲ ನಿಂತ ಜಾಗದಲ್ಲೇ ಹೆಜ್ಜೆ ಹಾಕಿ. ಎಡ, ಬಲ, ಎಡ, ಬಲ. ಅಧ್ಯಕ್ಷರೇ, ನೀವು ಏಳಬೇಡಿ. ದಯವಿಟ್ಟು ಕೂತೇ ಇರಿ. ಏನೇ ಆದರೂ ಏಳಬೇಡಿ. ಉಳಿದವರು ಇನ್ನೂ ಸ್ವಲ್ಪ ಜೋರಾಗಿ. ಮೊಣಕಾಲು ಮೇಲೆ ಬರಲಿ. ಸಂಬಳ ತಡವಾದ ದಿನ ಆಫೀಸಿಗೆ ನುಗ್ಗುವ ಹಾಗೆ. ಸಾಕು, ಕೂತುಕೊಳ್ಳಿ.

ಈಗ ಎದೆಯ ಮೇಲೆ ಕೈ ಇಟ್ಟು ನೋಡಿಕೊಳ್ಳಿ. ಅಷ್ಟು ಹೊತ್ತು ತೆಪ್ಪಗಿದ್ದ ಹೃದಯ ಬಾಗಿಲು ಬಡಿಯಲು ಶುರು ಮಾಡಿದೆಯಲ್ಲವೇ? ಉಸಿರು ಹೆಚ್ಚಿದೆ, ಹೆಚ್ಚು ಆಮ್ಲಜನಕ ರಕ್ತಕ್ಕೆ ಸೇರುತ್ತಿದೆ, ರಕ್ತ ಕಾಲಿನ ಮಾಂಸಖಂಡಕ್ಕೂ ಓಡುತ್ತಿದೆ, ಮಿದುಳಿಗೂ ಓಡುತ್ತಿದೆ. ಏರೋಬಿಕ್ ವ್ಯಾಯಾಮ ಎಂದರೆ ಇಷ್ಟೇ. ನಡಿಗೆ, ಓಟ, ಈಜು, ಸೈಕಲ್, ಯಾವುದಾದರೂ ಸರಿ, ಉಸಿರು ಒಂದೇ ಸಮನೆ ಜೋರಾಗಿ ಆಡುತ್ತಿರಬೇಕು. ಎಷ್ಟು ಜೋರಾಗಿ ನಡೆಯಬೇಕು ಎಂದು ಕೇಳುವವರಿಗೆ ಒಂದು ಸುಲಭದ ಅಳತೆ ಇದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮ ಕಾರ್ಯದರ್ಶಿಗಳು ನಿಂತಲ್ಲೇ ನಿಂತು ಹಾಡಿದರೂ ಕೇಳುವ ಹಾಗಿರುವುದಿಲ್ಲ, ಅವರಿಗೆ ಬೇರೆ ಅಳತೆ ಹುಡುಕಬೇಕು.

ನಗುತ್ತಿದ್ದೀರಿ. ನಗಿ. ಕಾರ್ಯದರ್ಶಿಗಳೇ, ನನ್ನ ಫೋನ್ ನಿಮ್ಮ ಹತ್ತಿರವೇ ಇದೆಯಲ್ಲ? ಸದ್ದು ಮಾಡಿತೇ? ಇಲ್ಲವೇ? ಸರಿ.

ಇಷ್ಟು ಜನರನ್ನು ಎಬ್ಬಿಸಿದವಳು ಅಧ್ಯಕ್ಷರನ್ನು ಮಾತ್ರ ಯಾಕೆ ಕೂರಿಸಿದೆ? ಅವರ ವಯಸ್ಸು ನೋಡಿ ಅಲ್ಲ. ಅವರು ಕುಳಿತಿರುವ ಕುರ್ಚಿ ನೋಡಿ. ವೇದಿಕೆಯ ಮೇಲೆ ಉಳಿದವರೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರೆ ಅವರೊಬ್ಬರು ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ, ನಮ್ಮೆಲ್ಲರನ್ನೂ ಮೊಣಕಾಲಿನ ಸಂದಿಯಿಂದ ನೋಡುತ್ತಿದ್ದಾರೆ. ಅದು ಅವರ ತಪ್ಪಲ್ಲ. ಆ ಕುರ್ಚಿಯೇ ಹಾಗೆ. ಕೂತ ತಕ್ಷಣ ಬೆನ್ನು ಹಿಂದಕ್ಕೆ ಹೋಗುತ್ತದೆ, ಕಾಲು ತಾನಾಗಿ ಮೇಲಕ್ಕೆ ಬರುತ್ತದೆ, ಮತ್ತೆ ಏಳಬೇಕಾದರೆ ಇನ್ನೊಬ್ಬರು ಕೈ ಹಿಡಿದು ಎಳೆಯಬೇಕು. ಅಧ್ಯಕ್ಷರೇ, ಕುರ್ಚಿಯ ತೋಳಿನ ಮೇಲೆ ಬಲಗೈ ಇಟ್ಟಿದ್ದೀರಲ್ಲ, ಅದನ್ನು ಸ್ವಲ್ಪ ಸರಿಸಿ. ಕಾಫಿ ಲೋಟದ ದುಂಡನೆಯ ಕಲೆ ಕಾಣುತ್ತಿದೆಯೇ? ಅದು ನಮ್ಮ ಮನೆಯ ಲೋಟ. ಅದು ನಮ್ಮ ಮನೆಯ ಕುರ್ಚಿ.

ಹೋದ ವರ್ಷ ಇದೇ ವೇದಿಕೆಯಲ್ಲಿ ಈ ಕುರ್ಚಿಯನ್ನು ನನ್ನ ಯಜಮಾನರಿಗೆ ಕೊಟ್ಟಿರಿ. ನಿವೃತ್ತರಾದವರಿಗೆಲ್ಲ ಒಂದು ಆರಾಮ ಕುರ್ಚಿ ಕೊಡುವುದು ಈ ಸಂಘದ ಪದ್ಧತಿ. ಬದುಕಿಡೀ ನಡೆದವರು ಇನ್ನಾದರೂ ಕೂರಲಿ ಎನ್ನುವ ಪ್ರೀತಿ ಅದರಲ್ಲಿದೆ. ಇಲ್ಲ ಎನ್ನುವುದಿಲ್ಲ. ಅಧ್ಯಕ್ಷರು ಅಂದು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಇಷ್ಟು ವರ್ಷ ನಡೆದಿದ್ದು ಸಾಕು ಮಾರಾಯರೇ, ಇನ್ನು ಇದರಿಂದ ಏಳಲೇ ಬೇಡಿ!" ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ನಮ್ಮವರು ಮೇಲಿನವರ ಮಾತನ್ನು ಯಾವತ್ತೂ ಮೀರಿದವರಲ್ಲ. ಈ ಮಾತನ್ನೂ ಮೀರಲಿಲ್ಲ.

ಅವರನ್ನು ನೀವೆಲ್ಲ ಬಲ್ಲಿರಿ. ಓಣಿಯ ಮಕ್ಕಳು ಅವರನ್ನು ಮುಚ್ಚಳ ಮಾಮ ಎನ್ನುತ್ತಿದ್ದರು. ಕಬ್ಬಿಣದ ಕೊಕ್ಕೆ ಹಿಡಿದು ಬರುವುದು, ಮನೆಯ ಮುಂದಿನ ಗುಂಡಿಯ ಮುಚ್ಚಳ ಎತ್ತುವುದು, ಕುಕ್ಕರುಗಾಲಲ್ಲಿ ಕೂತು ಮೀಟರಿನ ಗಾಜು ಒರೆಸುವುದು, ಓದುವುದು, ಏಳುವುದು, ಮುಂದಿನ ಮನೆ. ಊರಿನ ಮಕ್ಕಳು ತಪ್ಪು ಮಾಡಿದರೆ ಬಸ್ಕಿ ಹೊಡೆಯುತ್ತಾರೆ, ಇವರು ಏನೂ ತಪ್ಪು ಮಾಡದೆ ದಿನವಿಡೀ ಬಸ್ಕಿ ಹೊಡೆದವರು. ಇವರ ವಾಸನೆ ಬಂದರೆ ಸಾಕು, ನಾಯಿಗಳು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಿದ್ದವು. ನಾಯಿ, ಮೀಟರ್ ಓದುವವರ ಸಂಬಂಧ ಎಂಥದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಪ್ಯಾಂಟು ಮೇಲೆತ್ತಿ ತೋರಿಸಲು ಎಲ್ಲರ ಕಾಲಲ್ಲೂ ಒಂದೊಂದು ಗುರುತಿದೆ.

ಮನೆಗೆ ಬಂದರೆ ಬೈಗುಳ. ಯಾಕೆ ಗೊತ್ತೇ? ನಲ್ಲಿ ತೊಟ್ಟಿಕ್ಕುತ್ತಿದೆ ಎಂದು. "ಮೇಷ್ಟ್ರಮ್ಮ, ಮಕ್ಕಳಿಗೆ ನೀರು ಉಳಿಸಿ ಅಂತ ಪಾಠ ಮಾಡ್ತೀಯ, ಮನೇಲಿ ನಲ್ಲಿ ತಿರುಗಿಸೋಕೆ ಬರಲ್ವಾ?" ಚಪ್ಪಲಿ ಬಿಡುವ ಮೊದಲೇ ಶುರು. ನಾನು ಸುಮ್ಮನಿರುವವಳೇ? ಊರ ಮೀಟರೆಲ್ಲ ಓದುತ್ತೀರಿ, ಹೆಂಡತಿಯ ಮುಖ ಓದಲು ಬರುವುದಿಲ್ಲವೇ ಎನ್ನುತ್ತಿದ್ದೆ. ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಕುರ್ಚಿ ಬಂದ ಹೊಸದರಲ್ಲಿ ನಮಗೂ ಸಂಭ್ರಮವೇ. ಆಮೇಲೆ ಅವರು ಪೇಪರ್ ಓದುವುದು ಬಿಟ್ಟರು. ಆಮೇಲೆ ಗೆಳೆಯರು ಬಂದರೆ ಮಾತು ಕಡಿಮೆಯಾಯಿತು. ಗಡ್ಡ ಬಂತು. ಊಟ ತಟ್ಟೆಯಲ್ಲೇ ಉಳಿಯಿತು. ಬೆಳಗಿನ ಜಾವವೇ ಎಚ್ಚರವಾಗಿ, ಗೋಡೆ ನೋಡುತ್ತಾ ಕೂರುವುದು ರೂಢಿಯಾಯಿತು. ನಾನು ಒಂದು ದಿನ ಬೇಕೆಂದೇ ಅಡುಗೆಮನೆಯ ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಬಿಟ್ಟೆ. ತೊಟ್, ತೊಟ್, ತೊಟ್. ಅವರಿಗೆ ಕೇಳಿಸುತ್ತಿತ್ತು. ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಸಭಿಕರೇ, ಆ ದಿನ ನಾನು ಅವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ಖಿನ್ನತೆ ಎಂದರು ವೈದ್ಯರು. ಸೋಮಾರಿತನ ಅಲ್ಲ, ಕೊಬ್ಬು ಅಲ್ಲ, ವಯಸ್ಸಿನ ದೋಷ ಅಲ್ಲ, ರೋಗ ಎಂದರು. ಮಾತ್ರೆ ಕೊಟ್ಟರು, ಕೂರಿಸಿಕೊಂಡು ಮಾತಾಡಿಸಿದರು. ಮಾತ್ರೆಯಿಂದ ನಿದ್ದೆ ಬಂತು, ಎರಡು ತುತ್ತು ಊಟ ಸೇರಿತು. ಅಷ್ಟಾದ ಮೇಲೆ, "ಇನ್ನು ದಿನಾ ಸ್ವಲ್ಪ ಬೀಸಾಗಿ ನಡೀಲಿ ಅಮ್ಮ, ಅದೂ ಔಷಧದ ಹಾಗೇ" ಎಂದರು. ನಡೆಯಲಿ! ನಡೆದೇ ಬದುಕಿದ ಮನುಷ್ಯ! ನಾನು ಅಂದುಕೊಂಡೆ, ಇದೇನು ಮಹಾ, ಮೀನಿಗೆ ಈಜು ಹೇಳಿಕೊಡಬೇಕೇ?

ಹಾಂ, ಸದ್ದಾಯಿತಲ್ಲ? ಕೊಡಿ ಇಲ್ಲಿ. ಕ್ಷಮಿಸಿ, ಒಂದು ನಿಮಿಷ. ಮನೆಯಿಂದ ನನ್ನ ನಾದಿನಿ ಕಳಿಸಿದ್ದಾಳೆ. "ಅತ್ತಿಗೆ, ಅಣ್ಣ ಇನ್ನೂ ಕುರ್ಚಿ ಇದ್ದ ಜಾಗದಲ್ಲೇ ನಿಂತಿದಾನೆ."

ನಿಮಗೆ ಅರ್ಥವಾಗಲಿಲ್ಲ. ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ? ಇವತ್ತು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ, ಪಕ್ಕದ ಮನೆಯ ಟೆಂಪೋದಲ್ಲಿ ಈ ಕುರ್ಚಿಯನ್ನು ಹೇರಿಸಿಕೊಂಡು ಬಂದುಬಿಟ್ಟೆ. ಸಂಘಕ್ಕೆ ವಾಪಸು ಕೊಡೋಣವೆಂದು. ಕಾರ್ಯದರ್ಶಿಗಳು, "ಓಹೋ, ಅಧ್ಯಕ್ಷರಿಗೆ ಒಳ್ಳೇ ಕುರ್ಚಿ ತಂದ್ರಿ" ಎಂದು ವೇದಿಕೆಗೆ ಹಾಕಿಸಿದರು. ಹೊರಡುವಾಗ ಬಚ್ಚಲ ಬಾಗಿಲು ತಟ್ಟಿ ಹೇಳಿದ್ದೆ: "ರೀ, ನಿಮ್ಮ ಕುರ್ಚಿ ಸಂಘಕ್ಕೆ ಹೋಗ್ತಿದೆ. ಬೇಕಿದ್ರೆ ನಡ್ಕೊಂಡು ಬಂದು ತಗೊಳ್ಳಿ." ಒಳಗೆ ನೀರಿನ ಸದ್ದು ನಿಂತಿತು. ಮತ್ತೆ ನೀರಿನ ಸದ್ದು ಶುರುವಾಯಿತು. ಅದರ ಅರ್ಥವೇನು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಕೆಳಗಿನ ಮನೆಯ ನಾದಿನಿಯನ್ನು ಮೇಲೆ ಕರೆದು ಕಾವಲಿಗೆ ಕೂರಿಸಿ ಬಂದಿದ್ದೇನೆ. ಅವರು ಮನೆಯ ಗೇಟು ದಾಟಿ ತಿಂಗಳುಗಳೇ ಆಗಿವೆ. ಇವತ್ತು ದಾಟುತ್ತಾರೋ ಇಲ್ಲವೋ, ಅದಕ್ಕೇ ನಾನು ಆ ಬಾಗಿಲು ನೋಡುವುದು. ಬರುವವರೆಗೆ ನಾನು ಮಾತಾಡುತ್ತೇನೆ. ಊಟ ಆರಿದರೆ ಬಿಸಿ ಮಾಡಿಕೊಳ್ಳಬಹುದು.

ವಿಷಯಕ್ಕೆ ಬರುತ್ತೇನೆ. ನಡೆದರೆ ಮೈಯೊಳಗೆ ಏನಾಗುತ್ತದೆ? ಚಿಂತೆಯಾದಾಗ ನಮ್ಮ ಮೈ ಕಾರ್ಟಿಸಾಲ್ ಎಂಬ ರಸವನ್ನು ಬಿಡುತ್ತದೆ. ಹುಲಿ ಬಂದಾಗ ಓಡಲು ಅದು ಬೇಕು. ಹುಲಿಯೇ ಇಲ್ಲದೆ ದಿನವಿಡೀ ಅದು ಹರಿಯುತ್ತಿದ್ದರೆ ನಿದ್ದೆ ಕೆಡುತ್ತದೆ, ನೆನಪು ಮಂಕಾಗುತ್ತದೆ. ನಡೆಯುವಾಗ ಅದೂ ಒಮ್ಮೆ ಏರುತ್ತದೆ, ಆದರೆ ದಿನಾ ನಡೆದು ರೂಢಿಯಾದ ಮೈ ಆ ರಸವನ್ನು ಹದದಲ್ಲಿ ಇಟ್ಟುಕೊಳ್ಳಲು ಕಲಿಯುತ್ತದೆ. ಎಂಡಾರ್ಫಿನ್ ಹೆಸರು ಕೇಳಿದ್ದೀರಿ, ನೋವು ಮರೆಸುವ ರಸ. ಸೆರೊಟೋನಿನ್ ಕೇಳಿದ್ದೀರಿ. ಅದು ಕಡಿಮೆಯಾದರೆ ಬೇಸರ, ಹೆಚ್ಚಾದರೆ ಖುಷಿ ಎಂದು ಕೆಲವರು ತೊಟ್ಟಿಯ ನೀರಿನ ಮಟ್ಟದ ಹಾಗೆ ಹೇಳುತ್ತಾರೆ. ಮನಸ್ಸು ಅಷ್ಟು ಸರಳವಾದ ತೊಟ್ಟಿಯಲ್ಲ. ಬಲ್ಲವರು ಇನ್ನೂ ವಾದ ಮಾಡುತ್ತಲೇ ಇದ್ದಾರೆ.

ನನಗೆ ಇಷ್ಟವಾದ ಸಂಗತಿ ಬೇರೆ. ಮಿದುಳಿನಲ್ಲಿ ನರಕೋಶಗಳಿಗೆ ಗೊಬ್ಬರದಂತೆ ಒದಗುವ ಒಂದು ಪ್ರೋಟೀನ್ ಇದೆ. ಖಿನ್ನತೆ ಇರುವವರಲ್ಲಿ ಅನೇಕರಿಗೆ ಅದು ಕಡಿಮೆ ಇರುತ್ತದೆ, ವ್ಯಾಯಾಮ ಅದನ್ನು ಹೆಚ್ಚಿಸುತ್ತದೆ ಎಂದು ಕಂಡಿದ್ದಾರೆ. ಇನ್ನೊಂದು, ಇದನ್ನು ಹೆಚ್ಚಾಗಿ ಇಲಿಗಳಲ್ಲಿ ನೋಡಿದ್ದು. ಒತ್ತಡದಲ್ಲಿ ರಕ್ತದಲ್ಲಿ ಹೆಚ್ಚುವ ಒಂದು ವಸ್ತು ಮಿದುಳಿಗೆ ಹೋಗಿ ತೊಂದರೆ ಕೊಡುತ್ತದೆ. ಕಾಲಿನ ಮಾಂಸಖಂಡ ದುಡಿಯುತ್ತಿದ್ದರೆ, ಆ ವಸ್ತುವನ್ನು ಅಲ್ಲೇ ಹಿಡಿದು, ಮಿದುಳಿನೊಳಗೆ ನುಗ್ಗಲಾಗದ ರೂಪಕ್ಕೆ ಬದಲಿಸಿಬಿಡುತ್ತದೆ. ಯೋಚಿಸಿ ನೋಡಿ. ತಲೆಯ ಕಾವಲು ಕಾಲಿನ ಕೈಯಲ್ಲಿದೆ! ನಮ್ಮವರು ಅಷ್ಟು ವರ್ಷ ಓಣಿ ಓಣಿ ತಿರುಗುತ್ತಾ ಬರೀ ನೀರಿನ ಲೆಕ್ಕ ಬರೆಯುತ್ತಿದ್ದಾರೆ ಎಂದುಕೊಂಡಿದ್ದೆವು. ಜೊತೆಗೆ ಅವರ ಕಾಲು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತೋ ಏನೋ. ನಾವು ಆ ಕೆಲಸಗಾರನಿಗೂ ಸೇರಿಸಿಯೇ ನಿವೃತ್ತಿ ಕೊಟ್ಟೆವು.

ಇಷ್ಟನ್ನೂ ನಾನು ಮನೆಯಲ್ಲಿ ಕುರ್ಚಿಯ ಮುಂದೆ ನಿಂತು ಹೇಳಿದ್ದೇನೆ. ಚಿತ್ರ ಬರೆದು ತೋರಿಸಿದ್ದೇನೆ. ಅವರು ಪೂರ್ತಿ ಕೇಳಿ, "ಚೆನ್ನಾಗಿ ಹೇಳ್ತೀಯ" ಎಂದು ಕಣ್ಣು ಮುಚ್ಚುತ್ತಿದ್ದರು. ನಡೆಯೋಣವೇ ಎಂದರೆ, "ನಾಳೆ." ಮರುದಿನ ಕೇಳಿದರೂ "ನಾಳೆ." ಬಾವಿಗೆ ಬಿದ್ದವರಿಗೆ ಮೇಲೆ ದಂಡೆಯಲ್ಲಿ ನಿಂತು ಈಜು ಮೈಗೆ ಒಳ್ಳೆಯದು ಎಂದು ಪಾಠ ಹೇಳಿದ ಹಾಗಾಯಿತು ನನ್ನ ವಿಜ್ಞಾನ. ಖಿನ್ನತೆಗೆ ನಡಿಗೆ ಮದ್ದು, ಸರಿ. ಆದರೆ ನಡೆಯುವ ಮನಸ್ಸನ್ನೇ ಮೊದಲು ಕದಿಯುವುದು ಖಿನ್ನತೆಯ ಕೆಲಸ. ಈ ಗಂಟನ್ನು ಯಾವ ಪಠ್ಯಪುಸ್ತಕವೂ ನನಗೆ ಬಿಡಿಸಿಕೊಡಲಿಲ್ಲ.

ಅವರು ಕೂತ ಮೇಲೆ ನನಗೆ ಕೂರಲು ಆಗುತ್ತಿಲ್ಲ. ಇದು ನಿಮಗೆ ವಿಚಿತ್ರ ಅನ್ನಿಸಬಹುದು. ಮನೆಯಲ್ಲಿ ಕೂರುವ ಕೆಲಸವನ್ನೆಲ್ಲ ಅವರೇ ವಹಿಸಿಕೊಂಡ ಮೇಲೆ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ನಿಂತೇ ಊಟ ಮಾಡುತ್ತೇನೆ. ನಿಂತೇ ಉತ್ತರಪತ್ರಿಕೆ ತಿದ್ದುತ್ತೇನೆ. ಮುಂಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮುಂಬಾಗಿಲಿಗೆ. ಈಗಲೂ ನೋಡಿ, ಮೈಕಿನ ವೈರು ನನ್ನ ಕಾಲಿಗೆ ಸುತ್ತಿಕೊಂಡಿದೆ. ನೀವು ನನ್ನನ್ನು ಚಟುವಟಿಕೆಯ ಹೆಂಗಸು ಎಂದು ಹೊಗಳುತ್ತೀರಿ. ಚಟುವಟಿಕೆ ಅಲ್ಲ ಇದು, ದಿಗಿಲು.

ಬಂತು ನೋಡಿ, ಮತ್ತೆ ಬಂತು. ಓದಿ ಕಾರ್ಯದರ್ಶಿಗಳೇ, ಜೋರಾಗಿ ಬೇಡ, ನನಗೆ ತೋರಿಸಿ. "ಚಪ್ಪಲಿ ಹಾಕೊಂಡ." ಚಪ್ಪಲಿ! ಸಭಿಕರೇ, ಚಪ್ಪಲಿ ಹಾಕಿಕೊಂಡರಂತೆ! ಇನ್ನೊಂದೂ ಇದೆ. "ಬಾಗಿಲ ಹಿಂದಿನ ಕೊಕ್ಕೆ ತಗೊಂಡು ಹೊರಟ." ಕೊಕ್ಕೆಯೇ? ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆಯೇ? ನಗಬೇಡಿ, ನನ್ನನ್ನು ಹೊಡೆಯಲಿಕ್ಕೆ ಇರಬಹುದು. ಹೊಡೆಯಲು ಬರುವುದಾದರೂ ನಡೆದೇ ಬರಬೇಕಲ್ಲ.

ಅಧ್ಯಕ್ಷರೇ, ದಯವಿಟ್ಟು. ಏಳಬೇಡಿ ಎಂದೆನಲ್ಲ. ಅವರು ಬಂದಾಗ ಆ ಕುರ್ಚಿ ಖಾಲಿ ಇದ್ದರೆ ನನ್ನ ಅಷ್ಟೂ ಶ್ರಮ ನೀರುಪಾಲು. ನಿಮ್ಮ ಸೊಂಟ ಹಿಡಿದಿರುವುದು ಗೊತ್ತು. ಆ ಕುರ್ಚಿ ಎಲ್ಲರ ಸೊಂಟವನ್ನೂ ಹಿಡಿಯುತ್ತದೆ.

ಇದೇ ಉಸಿರಿನಲ್ಲಿ ಇನ್ನೊಂದು ಮಾತು. ಆ ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದೀರಲ್ಲ, ಅದು ಏನೆಂದು ನನಗೆ ಗೊತ್ತಿಲ್ಲವೇ? ಚಕ್ರಣ್ಣನವರಿಗೆ ಕೊಡಲು ತಂದ ಹೊಸ ಕುರ್ಚಿ. ಚಕ್ರಣ್ಣನವರೇ, ಬೇಸರ ಮಾಡಿಕೊಳ್ಳಬೇಡಿ, ಅದನ್ನು ನಿಮ್ಮ ಶ್ರೀಮತಿಯವರಿಗೆ ಕೊಡಲು ನಾನು ಸೂಚಿಸುತ್ತೇನೆ. ನೀವು ನಡೆದಷ್ಟು ವರ್ಷ ಅವರು ಒಲೆಯ ಮುಂದೆ ನಿಂತಿದ್ದಾರೆ. ಅಮ್ಮ, ನೀವು ತಲೆಯಾಡಿಸುತ್ತಿದ್ದೀರಿ, ನನಗೆ ಕಾಣಿಸುತ್ತಿದೆ. ನೀವೂ ಅದರಲ್ಲೇ ಮುಳುಗಿಬಿಡಬೇಡಿ ಮತ್ತೆ.

ಇನ್ನೂ ಏನು? ಏನು ಬಂತು? ಕೊಡಿ.

"ಅತ್ತಿಗೆ, ಗೇಟ್ ಹತ್ರ ಸ್ವಲ್ಪ ಹೊತ್ತು ನಿಂತಿದ್ದ. ಈಗ ಎಡಕ್ಕೆ ಹೋದ. ನನ್ನ ಮಂಡಿಗೆ ಅವನ ಹಿಂದೆ ಹೋಗೋಕಾಗ್ತಿಲ್ಲ."

ಎಡಕ್ಕೆ. ಈ ಸಭಾಂಗಣಕ್ಕೆ ಬರಬೇಕಾದರೆ ಬಲಕ್ಕೆ ತಿರುಗಬೇಕು. ಎಡಕ್ಕೆ ಯಾಕೆ ಹೋದರು? ಎಡಕ್ಕೆ ಏನಿದೆ?

ಕ್ಷಮಿಸಿ. ನೀರು ಕೊಡಿ ಸ್ವಲ್ಪ. ನಾನು ಎಲ್ಲಿಗೆ ನಿಲ್ಲಿಸಿದ್ದೆ? ಒಂದು ದಿನ ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿ, "ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದರು. ಸಿಟ್ಟಿನಿಂದಲ್ಲ. ಹೊರಗೆ ಮೋಡ ಆಗಿದೆ ಎನ್ನುವ ಹಾಗೆ ಎಂದರು. ಅದನ್ನು ವೈದ್ಯರಿಗೆ ಅವತ್ತೇ ಹೇಳಿದೆ. ಅವರು ಮಾತ್ರೆ ಬದಲಿಸಿದರು, ಒಂಟಿಯಾಗಿ ಬಿಡಬೇಡಿ ಎಂದರು. ನಾನು ಬಿಡಲೇ ಇಲ್ಲ, ಶಾಲೆಗೆ ಹೋದಾಗ ನಾದಿನಿ ಜೊತೆಗಿರುತ್ತಿದ್ದಳು. ಅವರು ಒಂಟಿಯಾಗಿರುವುದು ಇವತ್ತೇ ಮೊದಲು. ಇದನ್ನು ಇಲ್ಲಿ ಹೇಳಬೇಕೆಂದು ಬಂದವಳಲ್ಲ ನಾನು, ಬಾಯಿಗೆ ಬಂದುಬಿಟ್ಟಿತು. ನನಗೆ ಭಯವಾಗುತ್ತಿದೆ. ಅಧ್ಯಕ್ಷರೇ, ಅಪ್ಪಣೆಯಾದರೆ ನಾನು ಹೊರಡುತ್ತೇನೆ, ವ್ಯಾಯಾಮದ ಉಳಿದ ವಿಷಯವನ್ನು ಇನ್ಯಾರಾದರೂ...

ಏನಂದಿರಿ ಚಕ್ರಣ್ಣನವರೇ? ಎಡಕ್ಕೆ ಅವರ ಹಳೆಯ ಲೈನೇ? ಅವರು ಮೀಟರ್ ಓದುತ್ತಿದ್ದ ಓಣಿಗಳೇ? ಅಲ್ಲಿಂದ ಬೇಕರಿ ಹಿಂದೆ, ಶಾಲೆಯ ಗೋಡೆ ಬಳಸಿ, ಕೊನೆಗೆ ಇದೇ ಸಭಾಂಗಣದ ಹಿಂದಿನ ಗೇಟಿಗೆ ಬಂದು ಸೇರುತ್ತದೆಯೇ? ನಿಜವಾಗಿಯೂ? ಇಷ್ಟು ವರ್ಷ ಸಂಸಾರ ಮಾಡಿದೆ, ಅವರು ದಿನಾ ಯಾವ ದಾರಿಯಲ್ಲಿ ನಡೆಯುತ್ತಿದ್ದರು ಎಂದು ನನಗೆ ಗೊತ್ತಿಲ್ಲವಲ್ಲ.

ನೀವು ಎಲ್ಲಿಗೆ ಹೊರಟಿರಿ? ನಿಮ್ಮ ಸನ್ಮಾನ? ಹಾರ? ಚಕ್ರಣ್ಣನವರು ಆ ದಾರಿಯಲ್ಲೇ ಎದುರು ಹೋಗುತ್ತಾರಂತೆ. ನಾನು ಇಲ್ಲೇ ಇದ್ದು ಮಾತಾಡುತ್ತಾ ಇರಬೇಕಂತೆ. ಹೊರಗೆ ಕಂಬಕ್ಕೆ ಕಟ್ಟಿರುವ ಧ್ವನಿವರ್ಧಕ ಹಿಂದಿನ ಓಣಿಗೂ ಕೇಳುತ್ತದಂತೆ. ನೋಡಿ, ಹೋಗಿಯೇಬಿಟ್ಟರು. ಸನ್ಮಾನಿತರಿಲ್ಲದ ಸನ್ಮಾನ ಸಮಾರಂಭ ಇದು. ಕಾರ್ಯದರ್ಶಿಗಳೇ, ಮೈಕಿನ ಸದ್ದು ಹೆಚ್ಚು ಮಾಡಿಸಿ. ಇನ್ನೂ ಹೆಚ್ಚು. ಕೀರಲಿ, ಪರವಾಗಿಲ್ಲ.

ರೀ. ಕೇಳಿಸ್ತಿದೆಯಾ? ನಾನೇ. ಸಂಘದ ಮೈಕಲ್ಲಿ ಮಾತಾಡ್ತಿದೀನಿ. ಎಲ್ಲಿದೀರಿ ನೀವು? ಕುರ್ಚಿಗೆ ಏನೂ ಆಗಿಲ್ಲ, ಅಧ್ಯಕ್ಷರು ಕೂತಿದಾರೆ, ಪಾಪ ಅವರಿಗೆ ಏಳೋಕೂ ಆಗ್ತಿಲ್ಲ. ನಿಮ್ಮನ್ನ ಕೇಳದೆ ತಂದಿದ್ದು ತಪ್ಪೇ. ಕೇಳಿದ್ರೆ ನಾಳೆ ಅಂತಿದ್ರಿ. ಅದಕ್ಕೇ ಕೇಳಲಿಲ್ಲ. ಅಡುಗೆಮನೆ ನಲ್ಲಿ ಇದೆಯಲ್ಲ, ಅದು ಹಾಳಾಗಿಲ್ಲ ಕಣ್ರೀ. ನಾನೇ ಬೇಕಂತ ಬಿಟ್ಟಿರೋದು. ಇವತ್ತೂ ಬಿಟ್ಟೇ ಬಂದಿದೀನಿ. ಎಷ್ಟು ನೀರು ಹೋಯ್ತೋ ಏನೋ. ಬಂದು ಬೈರಿ. ಇಷ್ಟು ಜನರ ಮುಂದೆ ಬೈದ್ರೂ ಸರಿ. ನೀವು ಒಂದು ಮಾತು ಅಂದ್ರಲ್ಲ ಅವತ್ತು, ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ. ನಾನು ಅವತ್ತು ಏನೂ ಹೇಳಲಿಲ್ಲ, ತಟ್ಟೆ ತೆಗೆದೆ. ಈಗ ಹೇಳ್ತೀನಿ ಕೇಳಿ. ಒಂದೇ ಅಲ್ಲ. ಒಂದೇ ಅಲ್ಲ ರೀ.

ಸಭಿಕರೇ, ಹಾಗೆ ನನ್ನನ್ನೇ ನೋಡಬೇಡಿ. ಯಾರಾದರೂ ಕೆಮ್ಮಿ. ನಾನು ವಿಜ್ಞಾನಕ್ಕೆ ವಾಪಸು ಬರುತ್ತೇನೆ. ಒಂದು ದಿನ ನಡೆದರೆ ಖಿನ್ನತೆ ಹೋಗುವುದಿಲ್ಲ. ವಾರದಲ್ಲಿ ಹಲವು ದಿನ, ಹಲವು ವಾರ ನಡೆದ ಮೇಲೆ ಮೈಯ ರಸಾಯನ ನಿಧಾನವಾಗಿ ತಿರುಗುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ನಡೆಯಿರಿ ಎಂದು ನಾನು ಹೇಳುತ್ತಿಲ್ಲ, ಮನೆಗೆ ಹೋಗಿ ಹಾಗೆ ಹೇಳಿದೆನೆಂದು ನನ್ನ ಹೆಸರು ಕೆಡಿಸಬೇಡಿ. ಎಲ್ಲರಿಗೂ ನಡಿಗೆ ಒಂದೇ ರೀತಿ ಕೆಲಸ ಮಾಡುತ್ತದೆಂದೂ ಇಲ್ಲ. ಆದರೆ ಒಬ್ಬರೇ ನಡೆಯುವುದಕ್ಕಿಂತ...

ಕೇಳಿಸಿತೇ? ನಾಯಿ. ಹಿಂದಿನ ಓಣಿಯಲ್ಲಿ ನಾಯಿ ಬೊಗಳಿತು. ಇನ್ನೊಂದು ನಾಯಿ. ನೀವೆಲ್ಲ ಮೀಟರ್ ಓದುವವರು, ನೀವೇ ಹೇಳಿ. ಇದು ಬೈಕಿಗೆ ಬೊಗಳುವ ದನಿಯೇ? ಬೆಕ್ಕಿಗೆ ಬೊಗಳುವ ದನಿಯೇ? ಅಲ್ಲವಲ್ಲ? ನೀವು ನಗುತ್ತಿದ್ದೀರಿ. ನಿಮಗೆ ಗೊತ್ತಾಗಿದೆ. ಹತ್ತಿರ ಬರುತ್ತಿದೆ ಸದ್ದು, ಒಂದರ ಹಿಂದೆ ಒಂದು, ಬೀದಿಯುದ್ದಕ್ಕೂ. ಇಷ್ಟು ದಿನವಾದರೂ ಮರೆತಿಲ್ಲ ಆ ನಾಯಿಗಳು!

ಬಂದರು.

ಚಕ್ರಣ್ಣನವರ ಹಿಂದೆ. ಅಲ್ಲ, ಚಕ್ರಣ್ಣನವರೇ ಹಿಂದೆ, ಇವರು ಮುಂದೆ. ಕೈಯಲ್ಲಿ ಕೊಕ್ಕೆ ಇದೆ. ಅಂಗಿ ಬೆವರಿಗೆ ಬೆನ್ನಿಗಂಟಿದೆ. ಮಂಡಿಯ ಮೇಲೆ ಕೆಸರು, ಎರಡು ಮಂಡಿಯ ಮೇಲೂ. ಯಾರದೋ ಮನೆಯ ಮುಚ್ಚಳ ಎತ್ತಿ ನೋಡಿ ಬಂದಿದ್ದಾರೆ. ಅದಕ್ಕೇ ಇಷ್ಟು ಹೊತ್ತು! ಎದೆ ಏರಿಳಿಯುತ್ತಿದೆ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ. ಸರಿಯಾದ ವೇಗದಲ್ಲೇ ನಡೆದಿದ್ದಾರೆ.

ಯಾರೂ ಏಳಬೇಡಿ! ಬಾಗಿಲ ಪಕ್ಕದವರೇ, ನೀವು ಮರ್ಯಾದಸ್ಥರು, ಹಿರಿಯರು ಬಂದರೆ ಎದ್ದು ಜಾಗ ಬಿಡುವವರು, ನನಗೆ ಗೊತ್ತು. ಇವತ್ತು ಒಂದು ದಿನ ಮರ್ಯಾದೆ ಬಿಡಿ. ಯಾರೂ ಅವರಿಗೆ ಕುರ್ಚಿ ಕೊಡಬೇಡಿ. ಚಪ್ಪಾಳೆಯನ್ನೂ ತಟ್ಟಬೇಡಿ. ಹೋದ ವರ್ಷ ತಟ್ಟಿದ್ದು ಸಾಕು. ನಾಳೆ ಬೆಳಿಗ್ಗೆ ಅವರು ಮತ್ತೆ ಗೋಡೆ ನೋಡುತ್ತಾ ಕೂರಬಹುದು, ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಬಹುದು. ಅದು ನಾಳೆಯ ಮಾತು.

ಅವರು ಕುರ್ಚಿ ನೋಡುತ್ತಿಲ್ಲ, ಗಮನಿಸಿದಿರಾ? ನನ್ನನ್ನು ನೋಡುತ್ತಿದ್ದಾರೆ. ಹುಬ್ಬು ಗಂಟು ಹಾಕಿಕೊಂಡಿದೆ. ಮೂಗಿನ ತುದಿ ಕೆಂಪಾಗಿದೆ. ಆ ಮುಖ ನನಗೆ ಗೊತ್ತು. ನಲ್ಲಿಯ ವಿಷಯವನ್ನು ದಾರಿಯಲ್ಲಿ ಧ್ವನಿವರ್ಧಕದಿಂದ ಕೇಳಿಸಿಕೊಂಡಿದ್ದಾರೆ. ಒಂದು ವರ್ಷದ ಬೈಗುಳ ಬಾಕಿ ಇದ್ದವರ ಮುಖ ಅದು.

ಆದ್ದರಿಂದ ನಾನು ಇಲ್ಲಿಗೆ ನಿಲ್ಲಿಸಬೇಕು. ಏಳದೆ ಕೂತು ಸಹಕರಿಸಿದ ಅಧ್ಯಕ್ಷರಿಗೆ ಧನ್ಯವಾದಗಳು. ದಯವಿಟ್ಟು ಇಬ್ಬರು ಬಂದು ಅವರನ್ನು ಎತ್ತಿ. ತಮ್ಮ ಸನ್ಮಾನವನ್ನೇ ಬಿಟ್ಟು ಓಡಿದ ಚಕ್ರಣ್ಣನವರಿಗೆ, ಫೋನ್ ಹಿಡಿದು ನಿಂತ ಕಾರ್ಯದರ್ಶಿಗಳಿಗೆ, ಮಂಡಿನೋವಿನ ನಾದಿನಿಗೆ, ಹಿಂದಿನ ಓಣಿಯ ಅಷ್ಟೂ ನಾಯಿಗಳಿಗೆ ನನ್ನ ಕೃತಜ್ಞತೆಗಳು. ನೀವು ಊಟ ಮುಗಿಸಿ. ನಮಗಾಗಿ ಕಾಯಬೇಡಿ, ವಾಹನದ ವ್ಯವಸ್ಥೆಯೂ ಬೇಡ. ನಾವು ನಡೆದೇ ಮನೆಗೆ ಹೋಗುತ್ತೇವೆ. ಹತ್ತಿರದ ದಾರಿಯಲ್ಲಿ ಹೋದರೆ ಇಷ್ಟೊಂದು ಬೈಗುಳ ಮುಗಿಯುವುದಿಲ್ಲ, ಹಾಗಾಗಿ ಅವರ ಹಳೆಯ ದಾರಿಯಲ್ಲೇ ಸುತ್ತಿ ಹೋಗುತ್ತೇವೆ. ಎಲ್ಲರಿಗೂ ನಮಸ್ಕಾರ.

ಬಂದೆ ರೀ, ಬಂದೆ.